ಹದಿನೇಳರ ಪ್ರೀತಿಗೆ ಧರ್ಮದ ಗೋಡೆ ಅಡ್ಡ ಬಂದಾಗ...

ಮಗಳು ಎರಡನೇ ಪಿಯುಸಿ. ಬೆಳಿಗ್ಗೆ ಹಳ್ಳಿಯಿಂದ ಶಿರಸಿ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆ ಕಪ್ಪಾಗುವ ಹೊತ್ತಿಗೆ. ಒಂದು ದಿನ ಅಡಿಕೆ ಮಾರಲು ಪೇಟೆಗೆ ಹೋಗಿದ್ದ ಊರಿನವರೊಬ್ಬರು ನಿಮ್ಮ ಜಗುಲಿಯಲ್ಲಿ ಕೂತು, ಕವಳ ಹಾಕುತ್ತಾ, ‘ನಿಮ್ಮನೆ ಕೂಸು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನ ಜೊತೆ ಮಾತಾಡ್ತಾ ನಿಂತಿತ್ತು. ಹುಡುಗ ನಮ್ಮವನಲ್ಲ’ ಅಂತಾರೆ. ಅಷ್ಟೇ ಸಾಕು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಹುಡುಗ ಒಳ್ಳೆಯವನೋ ಕೆಟ್ಟವನೋ, ಓದುತ್ತಾನೋ ಇಲ್ಲವೋ, ಅದನ್ನು ಯಾರೂ ಕೇಳುವುದಿಲ್ಲ. ‘ನಮ್ಮವನಲ್ಲ’ ಎಂಬ ಒಂದೇ ಮಾತು ಎಲ್ಲ ಪ್ರಶ್ನೆಗಳನ್ನೂ ನುಂಗಿಬಿಡುತ್ತದೆ. ಇದು ಒಂದು ಜಾತಿಯ, ಒಂದು ಧರ್ಮದ ಮನೆಯ ಕಥೆಯಲ್ಲ. ಸಿದ್ದಾಪುರದ ತೋಟದ ಮನೆಯಲ್ಲೂ ಇದೇ, ಶಿರಸಿ ಪೇಟೆಯ ಮುಸ್ಲಿಂ ಮನೆಯಲ್ಲೂ ಇದೇ, ಯಲ್ಲಾಪುರದ ಕ್ರೈಸ್ತ ಮನೆಯಲ್ಲೂ ಇದೇ. ‘ನಮ್ಮವರು’ ಯಾರು ಎನ್ನುವುದಷ್ಟೇ ಬದಲಾಗುತ್ತದೆ.

ನಮ್ಮ ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳನ್ನೇ ನೋಡಿ. ಹವ್ಯಕರು, ನಾಮಧಾರಿಗಳು, ಮುಸ್ಲಿಮರು, ಕ್ರೈಸ್ತರು, ಕೊಂಕಣಿ ಮಾತಾಡುವವರು, ಮರಾಠಿ ಮಾತಾಡುವವರು, ಗೌಳಿಗರು, ಸಿದ್ದಿಗಳು ಎಲ್ಲ ಇಲ್ಲಿದ್ದಾರೆ. ಎಲ್ಲ ಮನೆಯ ಮಕ್ಕಳೂ ಹತ್ತುವುದು ಒಂದೇ ಬಸ್ಸು. ಕೂರುವುದು ಒಂದೇ ತರಗತಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ತಿರುಗುವುದು ಒಂದೇ ಪೇಟೆ. 2020ರಲ್ಲಿ ಕಾಲೇಜು ಮುಚ್ಚಿದಾಗ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ್ದೂ ಇವರೇ. ಇಷ್ಟೆಲ್ಲ ಒಟ್ಟಿಗೆ ಬೆಳೆದ ಮಕ್ಕಳಲ್ಲಿ ಇಬ್ಬರಿಗೆ ಮನಸ್ಸು ಕೂಡಿದರೆ ಅದರಲ್ಲಿ ಆಶ್ಚರ್ಯವೇನು ಹೇಳಿ? ಹದಿನಾರು ಹದಿನೇಳರ ಮನಸ್ಸಿಗೆ ಗೋತ್ರ, ಜಮಾತು, ಇಗರ್ಜಿ ಯಾವುದೂ ಕಾಣುವುದಿಲ್ಲ. ಕಾಣುವುದು ದೊಡ್ಡವರಿಗೆ. ಹಾಗಾಗಿ ಜವಾಬ್ದಾರಿ ಇರುವುದೂ ದೊಡ್ಡವರಿಗೇ.

<b>ಮೊದಲ ರಾತ್ರಿ ಏನು ಮಾಡಬಾರದು?</b>

ಸುದ್ದಿ ಕಿವಿಗೆ ಬಿದ್ದ ಕೂಡಲೇ ಮೊಬೈಲ್ ಕಿತ್ತುಕೊಳ್ಳುವುದು, ನಾಲ್ಕು ಬಾರಿಸುವುದು, ‘ನಾಳೆಯಿಂದ ಕಾಲೇಜು ಬಂದ್’ ಅನ್ನುವುದು... ಬಹಳ ಮನೆಗಳಲ್ಲಿ ಆಗುವುದು ಇದೇ. ಇದರಿಂದ ಪ್ರೀತಿ ನಿಲ್ಲುತ್ತದೆಯೇ? ಇಲ್ಲ. ಮಾತು ನಿಲ್ಲುತ್ತದೆ. ಅಲ್ಲಿಯವರೆಗೆ ‘ಇದು ಏನಾಗುತ್ತದೋ ನೋಡೋಣ’ ಎಂದುಕೊಂಡಿದ್ದ ಹುಡುಗಿಗೆ ಈಗ ಲೋಕದಲ್ಲಿ ತನ್ನ ಪರವಾಗಿರುವವನು ಅವನೊಬ್ಬನೇ ಅನ್ನಿಸತೊಡಗುತ್ತದೆ. ನೀವು ಹೊಡೆದ ಒಂದೊಂದು ಏಟೂ ಅವಳನ್ನು ಅವನ ಕಡೆಗೇ ನೂಕುತ್ತದೆ. ಓಡಿಹೋಗುವ ಯೋಚನೆ ಹೆಚ್ಚಾಗಿ ಹುಟ್ಟುವುದು ಇಂಥ ರಾತ್ರಿಯಲ್ಲೇ.

ಬದಲಿಗೆ ಅಡಿಗೆಮನೆಯಲ್ಲೋ ಕೊಟ್ಟಿಗೆಯಲ್ಲೋ ಇಬ್ಬರೇ ಇದ್ದಾಗ ಕೇಳಿ. ‘ಎಂತ ಆತೇ ಕೂಸೆ? ಹೇಳು, ಬಯ್ತ್ನಿಲ್ಲೆ’ ಅನ್ನಿ. ಹಾಗೆ ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ! ಅವಳು ಹೇಳುವುದೆಲ್ಲ ಮುಗಿಯುವವರೆಗೆ ಕೇಳಿ. ಎಷ್ಟು ದಿನದಿಂದ ಪರಿಚಯ, ಎಲ್ಲಿ ಭೇಟಿ, ಫೋಟೊ ಕಳಿಸಿದ್ದಾಳಾ, ಅವನೇನಾದರೂ ಒತ್ತಾಯ ಮಾಡಿದ್ದಾನಾ, ದುಡ್ಡು ಕೇಳಿದ್ದಾನಾ? ತಾಯಿಗೆ ಗೊತ್ತಿರಬೇಕಾದದ್ದು ಇವು. ಅವನ ಧರ್ಮ ಯಾವುದು ಎನ್ನುವುದು ಹೇಗೂ ಗೊತ್ತೇ ಇರುತ್ತದೆ.

ಇನ್ನೊಂದು ಮಾತು. ಸುದ್ದಿಯನ್ನು ನೆಂಟರ, ನೆರೆಯವರ, ಸಂಘಟನೆಯವರ ಬಾಯಿಗೆ ಹಾಕಬೇಡಿ. ನಮ್ಮ ಊರುಗಳಲ್ಲಿ ಗುಲ್ಲು ಎಷ್ಟು ಬೇಗ ಬೆಂಕಿಯಾಗುತ್ತದೆ ಎನ್ನುವುದು ಶಿರಸಿಯವರಿಗೆ ಹೇಳಿಕೊಡಬೇಕಿಲ್ಲ. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಯುವಕನೊಬ್ಬ ಸತ್ತ ಮೇಲೆ ಶಿರಸಿ ಪೇಟೆಯಲ್ಲಿ ಕಲ್ಲು ತೂರಾಟವಾಯಿತು. ಅದು ಕೊಲೆಯಲ್ಲ, ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಕೊಟ್ಟದ್ದು 2022ರಲ್ಲಿ. ಅಷ್ಟರೊಳಗೆ ಆಗುವುದೆಲ್ಲ ಆಗಿಹೋಗಿತ್ತು. ಮನೆಯ ಒಳಗೆ ಬಗೆಹರಿಯಬಹುದಾದ ಮಕ್ಕಳ ವಿಷಯ ಬೀದಿಗೆ ಬಂದರೆ ಅದು ನಿಮ್ಮ ಕೈಯಲ್ಲೂ ಉಳಿಯುವುದಿಲ್ಲ, ಮಕ್ಕಳ ಕೈಯಲ್ಲೂ ಉಳಿಯುವುದಿಲ್ಲ.

<b>ಅವಸರದ ಮದುವೆ ಪರಿಹಾರವಲ್ಲ</b>

‘ನಮ್ಮವರಲ್ಲೇ ಒಂದು ಗಂಡು ನೋಡಿ ಮದುವೆ ಮಾಡಿಬಿಡೋಣ, ಎಲ್ಲ ಸರಿಹೋಗುತ್ತೆ’ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಹುಡುಗಿಗೆ 18 ತುಂಬದಿದ್ದರೆ ಅದು ಅಪರಾಧ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಮದುವೆ ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಪುರೋಹಿತರು, ಛತ್ರದವರು, ಅಡಿಗೆಯವರು ಎಲ್ಲರೂ ತೊಂದರೆಗೆ ಸಿಕ್ಕಬಹುದು.

ಕಾನೂನು ಬಿಡಿ, ಬದುಕು ನೋಡಿ. ಪರೀಕ್ಷೆ ಬರೆಯಬೇಕಾದ ಹುಡುಗಿ ಕಣ್ಣೀರು ಒರೆಸಿಕೊಳ್ಳುತ್ತಾ ಗೊತ್ತಿಲ್ಲದ ಮನೆಗೆ ಹೋಗುತ್ತಾಳೆ. ಏನೂ ತಿಳಿಯದ ಆ ಗಂಡಿನ ತಪ್ಪೇನು? ಅವನ ಮನೆಯವರ ತಪ್ಪೇನು? ಒಂದು ಪ್ರೀತಿ ಮುಚ್ಚಿಹಾಕಲು ಮೂರು ಜೀವಗಳನ್ನು ಹಾಳು ಮಾಡಬೇಕೆ?

<b>ಹುಡುಗನ ತಾಯಿಯೂ ಓದಬೇಕಾದದ್ದು</b>

‘ಗಂಡುಹುಡುಗ, ಏನೂ ಆಗೋದಿಲ್ಲ’ ಎಂದು ಸುಮ್ಮನಿರುವ ತಾಯಂದಿರೇ, ಇಲ್ಲಿ ಕೇಳಿ. 2012ರ ಪೋಕ್ಸೊ ಕಾಯ್ದೆಯ ಕಣ್ಣಿಗೆ 18ರೊಳಗಿನ ಹುಡುಗಿ ಮಗು. ಅವಳ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ. ‘ಅವಳೇ ಬಂದಳು, ಅವಳೇ ಫೋನ್ ಮಾಡಿದಳು’ ಎಂದರೆ ನಡೆಯುವುದಿಲ್ಲ. ದೈಹಿಕ ಸಂಬಂಧವಾಗಿದ್ದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 10 ವರ್ಷ. ಹುಡುಗಿ 16ಕ್ಕಿಂತ ಚಿಕ್ಕವಳಾದರೆ ಕನಿಷ್ಠ 20 ವರ್ಷ. ಮನೆಯಿಂದ ಕರೆದುಕೊಂಡು ಹೋದರೆ ಅಪಹರಣದ ಕೇಸು ಬೇರೆ. ಹತ್ತೊಂಬತ್ತರ ಹುಡುಗನೊಬ್ಬ ಪದವಿ ಪರೀಕ್ಷೆಯ ಹೊತ್ತಿಗೆ ಜೈಲಿನಲ್ಲಿರುವುದನ್ನು ನೆನೆಸಿಕೊಳ್ಳಿ.

ನಮ್ಮ ಜಿಲ್ಲೆಯ ಮೇಲ್ಮನವಿಗಳು ಹೋಗುವ ಹೈಕೋರ್ಟಿನ ಧಾರವಾಡ ಪೀಠದ ಮುಂದೆಯೇ ಇಂಥದೊಂದು ಪ್ರಕರಣ ಬಂದಿತ್ತು. 17ರ ಹುಡುಗಿ 2017ರಲ್ಲಿ ಹುಡುಗನ ಜೊತೆ ಮನೆ ಬಿಟ್ಟು ಹೋಗಿದ್ದಳು. ಕೇಸು ನಡೆಯುತ್ತಿದ್ದಂತೆಯೇ ಅವರಿಬ್ಬರ ಮದುವೆಯಾಗಿ ಎರಡು ಮಕ್ಕಳೂ ಆದವು! 2022ರ ನವೆಂಬರಿನಲ್ಲಿ ಹೈಕೋರ್ಟು ಹುಡುಗನ ಬಿಡುಗಡೆಯನ್ನು ಎತ್ತಿಹಿಡಿಯಿತು. 16 ದಾಟಿದ ಮಕ್ಕಳ ಪ್ರೇಮ ಪ್ರಕರಣಗಳು ಹೆಚ್ಚುತ್ತಿರುವುದರಿಂದ ಒಪ್ಪಿಗೆಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಯೋಚಿಸಬೇಕು ಎಂದಿತು. 9ನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನಿನ ತಿಳಿವಳಿಕೆ ಕೊಡಿ ಎಂದು ಶಿಕ್ಷಣ ಇಲಾಖೆಗೂ ಹೇಳಿತು.

ಆದರೆ ಆಯೋಗ 2023ರಲ್ಲಿ ಕೊಟ್ಟ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. 16ರಿಂದ 18ರ ನಡುವಿನವರ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ಸ್ವಲ್ಪ ವಿವೇಚನೆ ಇರಲಿ ಎಂದಷ್ಟೇ ಸಲಹೆ ಕೊಟ್ಟಿತು. ಹಾಗಾಗಿ ಗೆರೆ ಇರುವುದು 18ಕ್ಕೇ. ಎಲ್ಲರಿಗೂ ಆ ಹುಡುಗನಂತೆ ಬಿಡುಗಡೆ ಸಿಗುತ್ತದೆ ಅಂದುಕೊಳ್ಳಬೇಡಿ. ಸಿಕ್ಕರೂ ಕೋರ್ಟಿಗೆ ಅಲೆದ ವರ್ಷಗಳು ವಾಪಸ್ ಬರುವುದಿಲ್ಲ.

ಹುಡುಗಿಯ ಮನೆಯವರಿಗೂ ಒಂದು ಮಾತು. ಮಗಳ ಮೇಲೆ ಬಲಾತ್ಕಾರವಾಗಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ, ದೂರು ಕೊಡಲೇಬೇಕು. ಆದರೆ ಹುಡುಗ ಬೇರೆ ಧರ್ಮದವನು ಎಂಬ ಸಿಟ್ಟಿಗೆ ಇಲ್ಲದ್ದನ್ನು ಸೇರಿಸಿ ಕೇಸು ಹಾಕಿಸಿದರೆ, ನಾಳೆ ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಬೇಕಾದವಳು ನಿಮ್ಮ ಮಗಳೇ!

<b>ಹದಿನೆಂಟು ದಾಟಿದ ಮೇಲೆ?</b>

ಇಲ್ಲಿ ಚಿತ್ರ ಪೂರ್ತಿ ಬದಲಾಗುತ್ತದೆ. ವಯಸ್ಸಿಗೆ ಬಂದ ಹೆಣ್ಣುಮಗಳು ತನಗಿಷ್ಟ ಬಂದವರನ್ನು ಮದುವೆಯಾಗಬಹುದು ಎಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಕೇರಳದ ಹಾದಿಯಾ ಪ್ರಕರಣದಲ್ಲಿ 2018ರಲ್ಲಿ ಅದನ್ನೇ ಮತ್ತೆ ಗಟ್ಟಿಯಾಗಿ ಹೇಳಿತು. 2021ರ ಫೆಬ್ರುವರಿಯಲ್ಲಿ ಬಂದ ತೀರ್ಪಂತೂ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯದು. ಉಪನ್ಯಾಸಕಿಯೊಬ್ಬರು ಮನೆಯವರಿಗೆ ಹೇಳದೆ ದೆಹಲಿಗೆ ಹೋಗಿ ಮದುವೆಯಾದರು. ಮನೆಯವರು ಮುರಗೋಡ ಠಾಣೆಯಲ್ಲಿ ದೂರು ಕೊಟ್ಟರು. ಠಾಣೆಗೆ ಬಂದು ಹೇಳಿಕೆ ಕೊಡಬೇಕು ಎಂದು ಪೊಲೀಸರು ಪಟ್ಟು ಹಿಡಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ದೂರನ್ನೇ ರದ್ದು ಮಾಡಿತು. ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆಯವರ, ಜಾತಿಯವರ ಒಪ್ಪಿಗೆ ಬೇಕಿಲ್ಲ ಎಂದಿತು. ಇಂಥ ವಿಷಯ ಹೇಗೆ ನಿಭಾಯಿಸಬೇಕೆಂದು ಪೊಲೀಸರಿಗೆ ತರಬೇತಿ ಕೊಡಿ ಎಂದೂ ಹೇಳಿತು.

ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಇನ್ನು ಎಲ್ಲರೂ ಕೇಳುವ ಎರಡು ಪ್ರಶ್ನೆಗಳಿವೆ.

<b>ಧರ್ಮ ಬದಲಿಸಲೇಬೇಕಾ?</b> ಬೇಕಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಅವರವರ ಧರ್ಮದಲ್ಲೇ ಇದ್ದುಕೊಂಡು ಮದುವೆಯಾಗಬಹುದು. ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿದ್ದ ಜಿಲ್ಲೆಯ ವಿವಾಹ ಅಧಿಕಾರಿಗೆ ನೋಟಿಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಅಂಟಿಸುತ್ತಾರೆ. 30 ದಿನ ಕಾಯಬೇಕು, ಮೂರು ಜನ ಸಾಕ್ಷಿ ಬೇಕು. ವಯಸ್ಸು ಆಗಿಲ್ಲ, ಮೊದಲೇ ಮದುವೆಯಾಗಿದೆ ಎಂಬಂಥ ಕಾರಣಕ್ಕೆ ಮಾತ್ರ ತಕರಾರು ಹಾಕಬಹುದು. ‘ಅಪ್ಪ ಅಮ್ಮನಿಗೆ ಇಷ್ಟವಿಲ್ಲ’ ಎನ್ನುವುದು ತಕರಾರಲ್ಲ. ‘ನಮ್ಮ ಧರ್ಮಕ್ಕೆ ಬಂದರೆ ಮಾತ್ರ ಮದುವೆ’ ಎಂದು ಯಾರಾದರೂ ಷರತ್ತು ಹಾಕಿದರೆ, ಆ ಪ್ರೀತಿಯ ಬಗ್ಗೆ ಹುಡುಗಿ ಇನ್ನೊಮ್ಮೆ ಯೋಚಿಸುವುದು ಒಳ್ಳೆಯದು.

<b>ಆಸ್ತಿ ಹೋಗುತ್ತದಾ?</b> ‘ತೋಟದಲ್ಲಿ ಒಂದು ಅಡಿಕೆ ಮರವೂ ಸಿಗೋದಿಲ್ಲ ನಿಂಗೆ’ ಎಂದು ಹೆದರಿಸುವವರಿದ್ದಾರೆ. ಪೂರ್ತಿ ನಿಜವಲ್ಲ. ಹಿಂದೂ ಅವಿಭಕ್ತ ಕುಟುಂಬದವರು ಈ ಕಾಯ್ದೆಯಡಿ ಬೇರೆ ಧರ್ಮದವರನ್ನು ಮದುವೆಯಾದರೆ ಕುಟುಂಬದಿಂದ ಬೇರೆಯಾದಂತೆ ಲೆಕ್ಕ. ಅಂದರೆ ಪಾಲಾದ ಹಾಗೆ, ಪಾಲು ಕಳೆದುಕೊಂಡ ಹಾಗಲ್ಲ. ಅಪ್ಪ ಸ್ವಂತ ದುಡಿದದ್ದನ್ನು ಯಾರಿಗೆ ಬೇಕಾದರೂ ಬರೆದುಕೊಡಬಹುದು, ಅದು ಬೇರೆ ಮಾತು. ಹೆಜ್ಜೆ ಇಡುವ ಮೊದಲು ವಕೀಲರನ್ನು ಕೇಳಿ. ಹೆಂಗಸರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ನೆರವು ಉಚಿತ.

<b>ಸಂಸ್ಕೃತಿ ಕೆಡುತ್ತದೆ ಎನ್ನುವವರಿಗೆ</b>

ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗದೆ ದೂರದ ಉತ್ತರ ಭಾರತದಿಂದ ಸೊಸೆ ತಂದ ಮನೆಗಳು ನಮ್ಮಲ್ಲೇ ಇಲ್ಲವೇ? ಬಂದ ಸೊಸೆಗೆ ನಮ್ಮ ಮಾತು ಬಾರದು, ತಂಬುಳಿ ಗೊತ್ತಿಲ್ಲ. ಅತ್ತೆ ಕಲಿಸಿದರು, ಸೊಸೆ ಕಲಿತಳು. ತಾನೂ ಚಪಾತಿ ಪಲ್ಯ ಕಲಿಸಿದಳು. ದೊಡ್ಡವರು ಮನಸ್ಸು ಮಾಡಿದರೆ ಭಾಷೆ, ಊಟ, ಉಡುಗೆ ಯಾವುದೂ ಅಡ್ಡ ಬರುವುದಿಲ್ಲ ಅಂತಾಯಿತಲ್ಲ! ಯಲ್ಲಾಪುರ ಕಡೆಯ ಸಿದ್ದಿಗಳನ್ನು ನೋಡಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂರು ಧರ್ಮದವರೂ ತಾವು ಸಿದ್ದಿಗಳು ಎನ್ನುವುದನ್ನು ಬಿಟ್ಟಿಲ್ಲ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೂ ಸಿದ್ದಿಗಳು ಎಂಬ ಒಂದೇ ಹೆಸರಿನಲ್ಲಿ.

ಹಾಗೆಂದು ಬೇರೆ ಧರ್ಮದ ಮದುವೆ ಹೂವಿನ ಹಾಸಿಗೆ ಅಂತ ಹೇಳುತ್ತಿಲ್ಲ. ಮಕ್ಕಳಿಗೆ ಯಾವ ಹೆಸರು, ಯಾವ ಹಬ್ಬ, ಮನೆಯಲ್ಲಿ ಏನು ಅಡಿಗೆ, ಸತ್ತಾಗ ಯಾವ ಕ್ರಮ... ದಿನವೂ ಎದುರಾಗುವ ಪ್ರಶ್ನೆಗಳು ಇವು. ಹದಿನೇಳರಲ್ಲಿ ಇವಕ್ಕೆ ಉತ್ತರ ಇರುವುದಿಲ್ಲ. ಇಪ್ಪತ್ತೈದರಲ್ಲಿ, ಕೈಯಲ್ಲಿ ಒಂದು ಕೆಲಸವಿದ್ದಾಗ, ಉತ್ತರ ಹುಡುಕುವ ಧೈರ್ಯ ಬರುತ್ತದೆ.

<b>ಹುಡುಗಿಯರೇ, ನಿಮಗೆ ನಾಲ್ಕು ಮಾತು</b>

* ಪ್ರೀತಿಸಿದ್ದು ಪಾಪವಲ್ಲ. ಆದರೆ 18ರೊಳಗೆ ಮನೆ ಬಿಟ್ಟು ಹೋದರೆ ಮೊದಲು ಜೈಲಿಗೆ ಹೋಗುವವನು ನೀವು ಪ್ರೀತಿಸಿದ ಹುಡುಗನೇ. ನೀವು ಬಾಲಮಂದಿರಕ್ಕೆ ಹೋಗಬೇಕಾಗಬಹುದು.
* ಓದು ಬಿಡಬೇಡಿ. ಪದವಿ, ಕೆಲಸ, ಸ್ವಂತ ಬ್ಯಾಂಕ್ ಖಾತೆ ಇದ್ದರೆ ನಾಳೆ ನಿಮ್ಮ ‘ಹೂಂ’ಗೂ ಬೆಲೆ, ‘ಊಹೂಂ’ಗೂ ಬೆಲೆ.
* ‘ನಿಜವಾಗಿ ಪ್ರೀತಿಸಿದ್ರೆ ಫೋಟೊ ಕಳಿಸು’ ಎನ್ನುವವನನ್ನು ನಂಬಬೇಡಿ. ಕಾಯಲು ಒಪ್ಪದವನು, ಗುಟ್ಟಾಗಿ ಎಲ್ಲಿಗೋ ಕರೆಯುವವನು ಯಾವ ಧರ್ಮದವನಾದರೂ ಬೇಡ.
* ಮನೆಯಲ್ಲಿ ಹೇಳಲು ಭಯವಾದರೆ ಅತ್ತಿಗೆ, ಚಿಕ್ಕಮ್ಮ, ನಂಬಿಕೆಯ ಟೀಚರ್, ಯಾರಾದರೊಬ್ಬ ದೊಡ್ಡವರಿಗೆ ಹೇಳಿ. ಒಬ್ಬಳೇ ಒಳಗೊಳಗೇ ಬೇಯಬೇಡಿ.

<b>ಯಾರನ್ನು ಕೇಳಬಹುದು?</b>

ಮಕ್ಕಳ ಸಹಾಯವಾಣಿ 1098. 18ರೊಳಗಿನವರಿಗೆ ಬಲವಂತದ ಮದುವೆ ಮಾಡಿಸುತ್ತಿದ್ದರೆ ಹುಡುಗಿಯೇ ಫೋನ್ ಮಾಡಬಹುದು. ಮಹಿಳಾ ಸಹಾಯವಾಣಿ 181. ಪ್ರಾಣಕ್ಕೆ ಅಪಾಯವಿದ್ದರೆ 112. ‘ಬದುಕೇ ಬೇಡ’ ಎನ್ನುವ ಯೋಚನೆ ಬಂದರೆ, ಮಕ್ಕಳಿಗಾಗಲೀ ತಂದೆತಾಯಿಗಾಗಲೀ, ಟೆಲಿ ಮಾನಸ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಗಳ ‘ಸ್ನೇಹ ಕ್ಲಿನಿಕ್’ ಹದಿಹರೆಯದವರಿಗಾಗಿಯೇ ಇದೆ.

ಕೊನೆಯದಾಗಿ ತಾಯಂದಿರಲ್ಲಿ ಒಂದು ಮನವಿ. ಹದಿನೇಳರ ಎಷ್ಟೋ ಪ್ರೀತಿಗಳು ಕಾಲೇಜು ಬದಲಾದ ಕೂಡಲೇ ತಾನಾಗಿ ತಣ್ಣಗಾಗುತ್ತವೆ. ಕೆಲವು ಉಳಿಯುತ್ತವೆ. ಯಾವುದು ಯಾವ ಜಾತಿಯದು ಎಂದು ಇವತ್ತೇ ತೀರ್ಮಾನ ಆಗಬೇಕಿಲ್ಲ. ‘ಪದವಿ ಮುಗಿಸು, ಆಮೇಲೆ ಕೂತು ಮಾತಾಡೋಣ’ ಅನ್ನಿ. ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ. ಪದವಿ ಮುಗಿದ ದಿನ ‘ನಾನು ಹಾಗೆ ಹೇಳೇ ಇಲ್ಲ’ ಎಂದರೆ ಮಗಳು ಮತ್ತೆಂದೂ ನಿಮ್ಮನ್ನು ನಂಬುವುದಿಲ್ಲ. ಮಾತು ಉಳಿಸಿಕೊಂಡರೆ, ಅವಳ ತೀರ್ಮಾನ ಏನೇ ಆಗಲಿ, ಅದನ್ನು ಮೊದಲು ನಿಮಗೇ ಬಂದು ಹೇಳುತ್ತಾಳೆ.