ಸನ್‌ರೂಫ್ ಏಕೆ ಅಲುಗದು?

ಹಳೆಯ ಕಾರಿನ ಚಾವಣಿಯಲ್ಲಿರುವ ಜಾರುವ ಗಾಜು, ಅಂದರೆ ಸನ್‌ರೂಫ್, ಅರ್ಧ ತೆರೆದು ನಿಂತುಬಿಟ್ಟಿತೆನ್ನೋಣ. ಮೋಡ ಕವಿಯುತ್ತಿದೆ, ಗುಂಡಿಯನ್ನು ಎಷ್ಟು ಒತ್ತಿದರೂ ಅದು ಮುಚ್ಚದು. ಮೋಟಾರು ಸುಟ್ಟಿತೆಂದು ಒಡನೆಯೇ ತೀರ್ಮಾನಿಸುವವರುಂಟು. ಅದಕ್ಕೂ ಮುನ್ನ ನಾವು ವಿಚಾರಿಸಬೇಕಾದುದು ಇಷ್ಟು: ಶಕ್ತಿಯು ಎಲ್ಲಿಯವರೆಗೆ ಬಂದು ಎಲ್ಲಿ ತಡೆದಿದೆ?

ಮೊದಲು ಶಕ್ತಿಯ ಹಾದಿಯನ್ನು ತಿಳಿಯೋಣ. 12 ವೋಲ್ಟಿನ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸು, ಸ್ವಿಚ್ಚುಗಳನ್ನು ಹಾದು ಮೋಟಾರನ್ನು ಸೇರುತ್ತದೆ. ಅನೇಕ ಕಾರುಗಳಲ್ಲಿ ಮೋಟಾರು ಹಲ್ಲುಚಕ್ರಗಳ ಮೂಲಕ ಎರಡು ಗಡಸಾದ ಉಕ್ಕಿನ ಕೇಬಲ್ಲುಗಳನ್ನು ತಳ್ಳುತ್ತದೆ, ಇಲ್ಲವೆ ಎಳೆಯುತ್ತದೆ. ಅವು ಗಾಜನ್ನು ಇಕ್ಕೆಲದ ಹಳಿಗಳಲ್ಲಿ ಜಾರಿಸುತ್ತವೆ.

ಈಗ ಗುಂಡಿಯನ್ನೊತ್ತಿ ಕಿವಿಗೊಡೋಣ. ಮೋಟಾರು ತಿರುಗುವ ಸದ್ದು ಕೇಳಿಸಿದರೂ ಗಾಜು ಅಲುಗದಿದ್ದರೆ ಕೇಬಲ್ಲೋ ಹಲ್ಲುಚಕ್ರವೋ ಸವೆದಿರಬಹುದು. ಬ್ಯಾಟರಿ ಚೆನ್ನಾಗಿದ್ದೂ ಕಾರಿನ ಒಳದೀಪ ಮಂಕಾಗಿ, ಮೋಟಾರು ತಿರುಗಲಾರದೆ ಮುಲುಗಿದರೆ ಹಳಿಯ ಘರ್ಷಣೆಯನ್ನು ಶಂಕಿಸಬೇಕು. ಧೂಳು ಬೆರೆತು ಗಟ್ಟಿಯಾದ ಹಳೆಯ ಗ್ರೀಸು ಇದಕ್ಕೆ ಸಾಕು. ತಿರುಗುವ ಮೋಟಾರು ಬ್ಯಾಟರಿಗೆ ಎದುರಾದ ವಿದ್ಯುಚ್ಚಾಲಕ ಬಲವನ್ನು ತನ್ನಲ್ಲೇ ಹುಟ್ಟಿಸಿಕೊಂಡು ಪ್ರವಾಹವನ್ನು ಮಿತಿಯಲ್ಲಿಡುತ್ತದೆ. ನಿಂತ ಮೋಟಾರಿಗೆ ಆ ಕಡಿವಾಣವಿಲ್ಲ. ಪ್ರವಾಹವು ಏರಿ ಫ್ಯೂಸು ಕರಗುತ್ತದೆ. ಕರಗಿದ ಫ್ಯೂಸು ರೋಗದ ಲಕ್ಷಣವಷ್ಟೆ. ಅದರ ಸ್ಥಾನದಲ್ಲಿ ಹೆಚ್ಚು ಆಂಪೇರಿನ ಫ್ಯೂಸನ್ನು ಹಾಕಿದರೆ ತಂತಿಯೇ ಕಾದು ಬೆಂಕಿ ಹೊತ್ತೀತು.

ಫ್ಯೂಸು ಸರಿಯಿದ್ದೂ ಸದ್ದು ಕ್ಷೀಣವಾಗಿದ್ದರೆ ಇಲ್ಲವೆ ಕೇಳಿಸದಿದ್ದರೆ, ಮೋಟಾರನ್ನು ಬಿಚ್ಚದೆ, ಗುಂಡಿಯನ್ನು ಒತ್ತಿಹಿಡಿದು ಅದರ ತುದಿಗಳ ವೋಲ್ಟನ್ನು ಅಳೆಯಬೇಕು. ಬಿಚ್ಚಿದ ತಂತಿಯಲ್ಲಿ ಅಳೆದರೆ ಮೋಸಹೋದೇವು. ಸ್ವಿಚ್ಚಿನೊಳಗಿನ ಕಿಲುಬು 1 ಓಮ್ ರೋಧವನ್ನು ಒಡ್ಡಿದೆ ಎನ್ನೋಣ. ಪ್ರವಾಹವಿಲ್ಲದಾಗ ಅಲ್ಲಿ ನಷ್ಟವೇನೂ ಇಲ್ಲ. ಮಾಪಕವು ಪೂರ್ಣ 12 ವೋಲ್ಟನ್ನೇ ತೋರಿಸುತ್ತದೆ. 5 ಆಂಪೇರ್ ಹರಿದೊಡನೆ 5 ವೋಲ್ಟು ಸ್ವಿಚ್ಚಿನಲ್ಲೇ ಕಳೆದು ಮೋಟಾರಿಗೆ 7 ವೋಲ್ಟು ಮಾತ್ರ ಉಳಿಯುತ್ತದೆ. 1827ರಲ್ಲಿ ಓಮ್ ಪ್ರಕಟಿಸಿದ ನಿಯಮವೇ ಇಲ್ಲಿ ನಮಗೆ ದಾರಿ ತೋರುವುದು. ಪೂರ್ಣ ವೋಲ್ಟು ತಲುಪಿಯೂ ಮೋಟಾರು ಮೌನವಾಗಿದ್ದರೆ ಆಗ ಅದನ್ನು ದೂರಬಹುದು.

ಮಳೆಯಂತೂ ನಮ್ಮ ಪರೀಕ್ಷೆ ಮುಗಿಯುವವರೆಗೆ ಕಾಯದು. ಹಲವು ಕಾರುಗಳಲ್ಲಿ ಅಲೆನ್ ಕೀಯನ್ನು ಮೋಟಾರಿನ ಬಳಿಯ ಕುಳಿಗೆ ಹಾಕಿ ಗಾಜನ್ನು ಕೈಯಿಂದಲೇ ಮುಚ್ಚುವ ಏರ್ಪಾಡಿರುತ್ತದೆ; ಅದರ ಸ್ಥಳವನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಹಳೆಯ ಕಾರಿನ ಗಾಜು ಅಡ್ಡಬಂದ ಬೆರಳನ್ನು ಅರಿಯದೆ ಇರಬಹುದು. ಪರೀಕ್ಷೆಯ ವೇಳೆ ಯಾರ ಕೈಯೂ ಹಳಿಯ ಹತ್ತಿರ ಇರಬಾರದು.