ನೆಟ್ ಹೋಯಿತೆ? ಬೆಳಕು ಎಲ್ಲಿ ನಿಂತಿತು ನೋಡಿ

ಘಟಪ್ರಭಾ, ಮೂಡಲಗಿ, ಹುಕ್ಕೇರಿ ಕಡೆ ಮನೆಯ ಇಂಟರ್ನೆಟ್ ನಿಂತರೆ ಮೊದಲ ಫೋನ್ ಹೋಗುವುದು ಕಂಪನಿಯ ಕಾಲ್ ಸೆಂಟರಿಗಲ್ಲ, ಊರಿನ ಕೇಬಲ್ ಹುಡುಗನಿಗೆ. "ತಮ್ಮಾ, ನೆಟ್ ಬರವಲ್ದು, ಒಂಚೂರು ಬಂದ ನೋಡು." ಅವನು ಕೇಳುವುದೂ ಒಂದೇ: "ಕೆಂಪ ಲೈಟ್ ಹತ್ತೇತೇನ್ರೀ ಕಾಕಾ?" ದೋಷ ಮನೆಯೊಳಗಿದೆಯೋ ಹೊರಗಿದೆಯೋ ಎಂಬುದು ಆ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ.

ಈ ನೆಟ್ಟನ್ನು ಮನೆಗೆ ತರುವ ಫೈಬರ್ ಎಂದರೆ 125 ಮೈಕ್ರಾನ್ ದಪ್ಪದ, ಅಂದರೆ ಹೆಚ್ಚುಕಡಿಮೆ ತಲೆಗೂದಲಿನಷ್ಟೇ ದಪ್ಪದ ಗಾಜಿನ ಎಳೆ. ಅದರ ನಡುವಿನ ಸುಮಾರು 9 ಮೈಕ್ರಾನ್ ತಿರುಳಿನಲ್ಲಿ ಬೆಳಕು ಸಾಗುತ್ತದೆ. ಎಕ್ಸ್‌ಚೇಂಜಿನಿಂದ ನಿಮ್ಮ ಮನೆಗೆ ಬರುವ ಬೆಳಕು 1490 ನ್ಯಾನೊಮೀಟರಿನದು, ನಿಮ್ಮ ಮನೆಯಿಂದ ವಾಪಸ್ ಹೋಗುವುದು 1310 ನ್ಯಾನೊಮೀಟರಿನದು. ಎರಡೂ ಒಂದೇ ಎಳೆಯಲ್ಲಿ ಓಡಾಡುತ್ತವೆ, ಎರಡೂ ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಆದ್ದರಿಂದ ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು "ಬೆಳಕು ಬರ್ತಿದೆಯಾ" ಎಂದು ನೋಡುವುದು ವ್ಯರ್ಥ, ಕಣ್ಣಿಗೆ ಅಪಾಯವೂ ಹೌದು.

ಎಕ್ಸ್‌ಚೇಂಜಿನಿಂದ ಹೊರಟ ಒಂದು ಎಳೆ ಬೀದಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಸಾಧನ ಹೊಕ್ಕು 32 ಅಥವಾ 64 ಮನೆಗಳಿಗೆ ಕವಲೊಡೆಯುತ್ತದೆ. ಧುಪದಾಳದಲ್ಲಿ ಘಟಪ್ರಭೆಯಿಂದ ಎಡದಂಡೆ ಕಾಲುವೆಗೆ ತಿರುಗಿದ ನೀರು ಹೊಲಗಾಲುವೆಗಳಿಗೆ ಹಂಚಿಹೋದಂತೆ ಇಲ್ಲಿ ಬೆಳಕು ಹಂಚಿಹೋಗುತ್ತದೆ. 32 ಪಾಲಾದಾಗ ಮನೆಗೆ ತಲುಪುವುದು ಮೂಲ ಬೆಳಕಿನ ಮೂವತ್ತೆರಡರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ. ಹೀಗೆ ಹಂಚಲು ಸ್ಪ್ಲಿಟರಿಗೆ ಕರೆಂಟ್ ಬೇಡ. ಹುಕ್ಕೇರಿ ತಾಲ್ಲೂಕಿನಲ್ಲಿ ವಿದ್ಯುತ್ ಕೊಡುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಗೋಕಾಕ ಮೂಡಲಗಿಗಳಲ್ಲಿ ಹೆಸ್ಕಾಂ. ಕರೆಂಟ್ ಯಾರದೇ ಇರಲಿ, ಅದು ಹೋದಾಗ ಬೀದಿಯ ಫೈಬರಿಗೆ ಏನೂ ಆಗುವುದಿಲ್ಲ. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಇರುತ್ತದೆ, ಫೈಬರ್ ಬಂದು ಸೇರುವ ಮನೆಯ ಬಾಕ್ಸಿಗೆ ಇನ್ವರ್ಟರ್ ಅಥವಾ ಚಿಕ್ಕ ಯುಪಿಎಸ್ ಕೊಟ್ಟರೆ ಕತ್ತಲೆಯಲ್ಲೂ ನೆಟ್ ನಡೆಯುತ್ತದೆ.

ಈಗ ಬಾಕ್ಸಿನ ದೀಪಗಳಿಗೆ ಬರೋಣ. ಪವರ್ ದೀಪವೇ ಇಲ್ಲದಿದ್ದರೆ ಅಡಾಪ್ಟರ್, ಪ್ಲಗ್ಗು ನೋಡಬೇಕು. ಎಲ್‌ಒಎಸ್ ಎಂದು ಬರೆದಲ್ಲಿ ಕೆಂಪು ಮಿನುಗಿದರೆ ಬಾಕ್ಸಿಗೆ ಬೆಳಕೇ ಸಿಗುತ್ತಿಲ್ಲ. ಪಾನ್ ಎಂದು ಬರೆದ ದೀಪ ಮಿನುಗುತ್ತಲೇ ಇದ್ದರೆ ಬೆಳಕು ಬರುತ್ತಿದೆ, ಆದರೆ ಎಕ್ಸ್‌ಚೇಂಜಿನ ಜೊತೆ ನೋಂದಣಿ ಮುಗಿದಿಲ್ಲ. ಪಾನ್ ಸ್ಥಿರವಾಗಿ ಹಸಿರಾಗಿದ್ದೂ ನೆಟ್ ಇಲ್ಲವೆಂದರೆ ಬೀದಿಯ ಗಾಜನ್ನು ದೂರಬೇಕಿಲ್ಲ. ಬಿಲ್ಲು, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್, ಕಂಪನಿಯ ಸರ್ವರ್ ಅಥವಾ ನಿಮ್ಮದೇ ವೈಫೈ, ಇವುಗಳಲ್ಲೊಂದು ಕೈಕೊಟ್ಟಿರುತ್ತದೆ.

ಕೆಂಪು ಹತ್ತಿದಾಗ ಮಾಡಬೇಕಾದ ಮೊದಲ ಕೆಲಸ ಪಕ್ಕದ ಮನೆಯಲ್ಲಿ ವಿಚಾರಿಸುವುದು. ಅದೇ ಕಂಪನಿಯ ಅವರ ನೆಟ್ಟೂ ಹೋಗಿದ್ದರೆ ದೋಷ ಸ್ಪ್ಲಿಟರಿನಲ್ಲಿ ಅಥವಾ ಅದರ ಹಿಂದಿನ ದೊಡ್ಡ ಕೇಬಲ್ಲಿನಲ್ಲಿದೆ. ನಿಮ್ಮದೊಂದೇ ಹೋಗಿದ್ದರೆ ಕಂಬದಿಂದ ಮನೆಗೆ ಎಳೆದ ತಂತಿ, ಇಲ್ಲವೇ ಬಾಕ್ಸಿನ ಹಿಂದಿನ ಕನೆಕ್ಟರ್. ನಮ್ಮ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಎತ್ತರಕ್ಕೆ ಕಬ್ಬು ಹೇರಿಕೊಂಡು ಸಾಗುತ್ತವೆ. ರಸ್ತೆಗೆ ಅಡ್ಡಲಾಗಿ ಜೋತುಬಿದ್ದ ಕೇಬಲ್ ಅದಕ್ಕೆ ಸಿಕ್ಕರೆ ಕಿತ್ತುಬರುತ್ತದೆ. ಉಳಿದ ದಿನಗಳಲ್ಲಿ ನೀರಿನ ಪೈಪಿಗೆ ನೆಲ ಅಗೆಯುವ ಜೆಸಿಬಿ ಇದೆ, ಮಂಗಗಳಿವೆ, ಹಂಚಿನಡಿಯ ಇಲಿಗಳಿವೆ.

ತುಂಡಾದ ಜಾಗ ಹುಡುಕುವ ಬಗೆ ಸೊಗಸಾಗಿದೆ. ಓಟಿಡಿಆರ್ ಎಂಬ ಯಂತ್ರ ಎಳೆಯೊಳಗೆ ಬೆಳಕಿನ ಒಂದು ಕಿಡಿ ಬಿಟ್ಟು, ಮುರಿದ ತುದಿಗೆ ಬಡಿದು ಮರಳಲು ಎಷ್ಟು ಹೊತ್ತಾಯಿತೆಂದು ಅಳೆಯುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಮರಳಲು 10 ಮೈಕ್ರೊಸೆಕೆಂಡ್ ಹಿಡಿದರೆ ತುಂಡು 1 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಗೆ ಹೋಗಿ ಎರಡೂ ತುದಿ ಶುದ್ಧಮಾಡಿ, ಸ್ಪ್ಲೈಸಿಂಗ್ ಯಂತ್ರದಲ್ಲಿಟ್ಟು, ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯುತ್ತಾರೆ. ಕೈಯಿಂದ ಹೆಣೆದು ಟೇಪು ಸುತ್ತಲು ಇದು ತಾಮ್ರವಲ್ಲ.

ಮನೆಯಲ್ಲಿ ನೋಡಬೇಕಾದ್ದು ತಂತಿಯ ಬಾಗು. ಬಿಗಿಯಾಗಿ ಮಡಚಿದರೆ ಬೆಳಕು ತಿರುಳು ಬಿಟ್ಟು ಹೊರಕ್ಕೆ ಸೋರುತ್ತದೆ. ತಂತ್ರಜ್ಞನ ಜೇಬಿನ ಕೆಂಪು ಲೇಸರ್ ಪೆನ್ನನ್ನು ತುದಿಗೆ ಹಚ್ಚಿದಾಗ ಬಾಗಿಲ ಸಂದಿನಲ್ಲಿ ಒತ್ತಿಹೋದ ಜಾಗ ಕೆಂಪಗೆ ಹೊಳೆಯುವುದನ್ನು ನೋಡಬಹುದು, ಸೋರಿಕೆ ಅಲ್ಲೇ. ಹಾಗಾಗಿ ಮಿಕ್ಕ ತಂತಿಯನ್ನು ಅಂಗೈ ಅಗಲದ ಸುರುಳಿ ಮಾಡಿ, ಮೊಳೆಗೆ ಬಿಗಿಯಾಗಿ ಕಟ್ಟದೆ ಬಿಡಿ. ಹಸಿರು ಕನೆಕ್ಟರ್ ಸಡಿಲಾಗಿದ್ದರೆ ಕ್ಲಿಕ್ ಎನ್ನುವವರೆಗೆ ಒತ್ತಿ. ಅದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿ ಕನೆಕ್ಟರಿಗೆ ಅದು ಸರಿಯಾಗಿ ಕೂಡುವುದಿಲ್ಲ. ತುದಿಯನ್ನು ಅಂಗಿಯ ಚುಂಗಿನಿಂದ ಒರೆಸಬೇಡಿ. 9 ಮೈಕ್ರಾನ್ ತಿರುಳಿಗೆ ಒಂದು ಧೂಳಿನ ಕಣವೇ ಬಂಡೆ.

ನೆಟ್ ಆಗಾಗ ಹೋಗಿ ಬರುತ್ತಿದ್ದರೆ ಬಾಕ್ಸಿನ ಸೆಟ್ಟಿಂಗ್ ಪುಟದಲ್ಲಿ ಬರುವ ಬೆಳಕಿನ ಅಳತೆ, ಅಂದರೆ ಆರ್‌ಎಕ್ಸ್ ಪವರ್ ನೋಡಿ. ಅದು ಡಿಬಿಎಂನಲ್ಲಿ ಇರುತ್ತದೆ. ಮೈನಸ್ 20 ಎಂದರೆ 1 ಮಿಲಿವ್ಯಾಟಿನ ನೂರರಲ್ಲಿ ಒಂದು ಪಾಲು, ಇದು ಒಳ್ಳೆಯ ಮಟ್ಟ. ಸಾಮಾನ್ಯ ಬಾಕ್ಸುಗಳ ಮಿತಿ ಮೈನಸ್ 27ರ ಸುಮಾರು. ಪ್ರತಿ 3 ಡೆಸಿಬೆಲ್ ಇಳಿದಾಗ ಬೆಳಕು ಅರ್ಧವಾಗುತ್ತದೆ ಎಂಬುದು ನೆನಪಿರಲಿ.

ವೇಗ ಕಡಿಮೆ ಎಂಬ ದೂರಿನ ಪರೀಕ್ಷೆ ಇನ್ನೂ ಸುಲಭ. ಲ್ಯಾಪ್‌ಟಾಪನ್ನು ಬಾಕ್ಸಿಗೆ ಲ್ಯಾನ್ ಕೇಬಲ್ಲಿನಿಂದ ಜೋಡಿಸಿ ವೇಗ ಅಳೆಯಿರಿ. ಅಲ್ಲಿ ಸರಿಯಿದ್ದು ಮೊಬೈಲಿನಲ್ಲಿ ಕಡಿಮೆಯಿದ್ದರೆ ತೊಂದರೆ ವೈಫೈಯದು. 5 ಗಿಗಾಹರ್ಟ್ಸ್ ವೇಗವಾಗಿದ್ದರೂ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ ದಾಟಲು ಸೋಲುತ್ತದೆ. 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ನೆರೆಯವರ ವೈಫೈ ಗದ್ದಲದಲ್ಲಿ ನಿಧಾನವಾಗುತ್ತದೆ. ಟ್ರೆಜರಿಯ ಹಿಂದೆ ಬಚ್ಚಿಟ್ಟ ಬಾಕ್ಸನ್ನು ನಡುಮನೆಯಲ್ಲಿ ಎತ್ತರಕ್ಕೆ ಇಟ್ಟರೆ ಎಷ್ಟೋ ದೂರು ಅಲ್ಲೇ ತೀರುತ್ತವೆ.

ಬಾಕ್ಸು ತನ್ನ ಸುದ್ದಿಯನ್ನು ತಾನೂ ಹೇಳುತ್ತದೆ. ಕರೆಂಟ್ ಹೋದ ಕ್ಷಣ, ಒಳಗೆ ಉಳಿದ ಚೂರು ವಿದ್ಯುತ್ತಿನಲ್ಲಿ "ನನಗೆ ಪವರ್ ಹೋಯಿತು" ಎಂಬ ಕೊನೆಯ ಸಂದೇಶ ಎಕ್ಸ್‌ಚೇಂಜಿಗೆ ಕಳಿಸುತ್ತದೆ. ಫೈಬರ್ ತುಂಡಾದರೆ ಆ ಸಂದೇಶ ತಲುಪುವುದಿಲ್ಲ. ಹೀಗಾಗಿ ಬಾಕ್ಸನ್ನು ಸುಮ್ಮಸುಮ್ಮನೆ ಆರಿಸಿ ಹೊತ್ತಿಸುತ್ತಿದ್ದರೆ ದೋಷ ಹುಡುಕುವವರಿಗೆ ಗೊಂದಲ. ಒಂದು ಸಲ ಮಾಡಿ ನೋಡಿದರೆ ಸಾಕು.

ಬರೀ "ನೆಟ್ ಇಲ್ಲ" ಎಂದರೆ ಬರುವವನು ಬರಿಗೈಲಿ ಬಂದು ನೋಡಿ, ನಾಳೆ ಬರುತ್ತೇನೆಂದು ಹೋಗುತ್ತಾನೆ. "ಎಲ್‌ಒಎಸ್ ಕೆಂಪು ಇದೆ, ಬೆಳಿಗ್ಗೆಯಿಂದ, ಪಕ್ಕದ ಮನೆಯಲ್ಲೂ ಇಲ್ಲ" ಎಂದರೆ ಸ್ಪ್ಲೈಸಿಂಗ್ ಯಂತ್ರ ಹಿಡಿದೇ ಹೊರಡುತ್ತಾನೆ. ಹುಡುಗನಿಗೆ ಹೇಳಿದರೂ ಕಂಪನಿಯಲ್ಲಿ ದೂರು ದಾಖಲಿಸಿ ಡಾಕೆಟ್ ನಂಬರ್ ಪಡೆಯಿರಿ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2012ರ ನಿಯಮದಂತೆ, ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಆಗ ಕೇಳುವುದು ಆ ನಂಬರನ್ನೇ.