ವಾಗ್ಗೇಯಕಾರರಲ್ಲಿ ಶ್ರೇಷ್ಠರಾರು? ದಾಸಯುಗದ ಸುತ್ತಣ ಒಂದು ಚರ್ಚೆಯ ಪರಾಮರ್ಶೆ

ಪುಷ್ಯ ಬಹುಳ ಪಂಚಮಿಯಂದು ತ್ಯಾಗರಾಜರ ಆರಾಧನೆ. ಅದಾದ ಹತ್ತು ದಿನಕ್ಕೆ, ಅಮಾವಾಸ್ಯೆಯಂದು, ಪುರಂದರದಾಸರ ಆರಾಧನೆ. ಹೊರನಾಡಿನ ಕನ್ನಡ ಸಂಘಗಳಲ್ಲಿಯೂ ಸಂಗೀತಸಭೆಗಳಲ್ಲಿಯೂ ಈ ಹತ್ತು ದಿನಗಳ ಅವಧಿಯಲ್ಲಿ ಒಂದು ಹಳೆಯ ಚರ್ಚೆ ಮತ್ತೆ ತಲೆಯೆತ್ತುವುದುಂಟು. ಪದವನ್ನು ತಾನೇ ರಚಿಸಿ ತಾನೇ ಹಾಡಿದ ಮಹನೀಯರಲ್ಲಿ ಅಗ್ರಸ್ಥಾನ ಯಾರದು? ಕನ್ನಡಿಗರು ಪುರಂದರರ ಹೆಸರನ್ನು ಹೇಳುತ್ತಾರೆ. ಅವರಲ್ಲಿಯೇ ಕೆಲವರು ಕನಕದಾಸರನ್ನು ಮುಂದಿಡುತ್ತಾರೆ. ತೆಲುಗರು ಅನ್ನಮಾಚಾರ್ಯರನ್ನೂ ತ್ಯಾಗರಾಜರನ್ನೂ ನೆನೆಯುತ್ತಾರೆ. ವಾದ ಸಾಮಾನ್ಯವಾಗಿ ಅಭಿಮಾನದಲ್ಲಿ ಆರಂಭವಾಗಿ ಅಭಿಮಾನದಲ್ಲಿಯೇ ನಿಲ್ಲುತ್ತದೆ. ಆದರೂ ಇದನ್ನು ಕೇವಲ ಅಭಿಮಾನದ ಮಾತೆಂದು ತಳ್ಳಿಹಾಕುವಂತಿಲ್ಲ. ಯಾವ ಸಾಕ್ಷ್ಯವನ್ನು ನೆಚ್ಚಿ ನಾವು ಹೀಗೆ ತೂಗುತ್ತೇವೆ ಎಂಬ ಪ್ರಶ್ನೆ ಅದರೊಳಗೆ ಅಡಗಿದೆ. ಆ ಪ್ರಶ್ನೆ ಸಂಶೋಧಕನಿಗೆ ಸೇರಿದ್ದು.

ಅಳತೆಗೋಲೊಂದು ನಮ್ಮ ಶಾಸ್ತ್ರಪರಂಪರೆಯಲ್ಲಿಯೇ ಇದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತ ರತ್ನಾಕರ'ದ ಪ್ರಕೀರ್ಣಕಾಧ್ಯಾಯದಲ್ಲಿ ವಾಗ್ಗೇಯಕಾರನ ಲಕ್ಷಣವನ್ನು ಹೇಳುತ್ತಾನೆ. ವಾಕ್ಕೆಂದರೆ ಮಾತು, ಅಂದರೆ ಸಾಹಿತ್ಯ. ಗೇಯವೆಂದರೆ ಧಾತು, ಅಂದರೆ ಸ್ವರಶರೀರ. ಎರಡನ್ನೂ ತಾನೇ ಸೃಷ್ಟಿಸುವವನು ವಾಗ್ಗೇಯಕಾರ. ಅವನಿಗೆ ವ್ಯಾಕರಣ, ಕೋಶ, ಛಂದಸ್ಸು, ಅಲಂಕಾರಗಳ ಪರಿಜ್ಞಾನ ಬೇಕು. ದೇಶಭಾಷೆಗಳ ಅರಿವು ಬೇಕು. ತಾಳ ಲಯಗಳಲ್ಲಿ ಪ್ರಭುತ್ವ, ಹೃದ್ಯವಾದ ಶಾರೀರ, ಬೇಗನೆ ಗೀತವನ್ನು ಕಟ್ಟುವ ಶಕ್ತಿ, ಪರರ ಎಂಜಲಲ್ಲದ ನೂತನ ಕಲ್ಪನೆ ಬೇಕು. ರಾಗದ್ವೇಷಗಳ ಪರಿತ್ಯಾಗವೂ ಈ ಪಟ್ಟಿಯಲ್ಲಿ ಸೇರಿದೆ. ಈ ಕೊನೆಯ ಗುಣ ವಾಗ್ಗೇಯಕಾರನಿಗಿಂತ ಅವನ ಶ್ರೇಷ್ಠತೆಯನ್ನು ನಿರ್ಣಯಿಸಲು ಹೊರಟವರಿಗೇ ಹೆಚ್ಚು ಅಗತ್ಯವೆಂದು ಒಮ್ಮೊಮ್ಮೆ ನನಗೆ ತೋರಿದೆ.

ಮುಖ್ಯವಾದ ಮಾತು ಮುಂದಿನದು. ಮಾತು ಧಾತುಗಳೆರಡರಲ್ಲಿಯೂ ಸಮರ್ಥನಾದವನು ಉತ್ತಮ. ಧಾತುವಿನಲ್ಲಿ ಮೇಲಾಗಿ ಮಾತಿನಲ್ಲಿ ಮಂದನಾದವನು ಮಧ್ಯಮ. ಮಾತು ರಮ್ಯವಾಗಿದ್ದರೂ ಧಾತುವಿನಲ್ಲಿ ಮಂದನಾದವನು ಅಧಮ. ಬೇರೊಬ್ಬನ ಧಾತುವಿಗೆ ಮಾತನ್ನು ಹೊಂದಿಸುವವನಿಗೆ ಕುಟ್ಟಿಕಾರನೆಂಬ ಹೆಸರು. ಶಾಸ್ತ್ರಕಾರನು ಸಂಗೀತದ ಕಡೆಯಿಂದ ನೋಡುತ್ತಿರುವುದರಿಂದ ಅವನ ತಕ್ಕಡಿಯಲ್ಲಿ ಧಾತುವಿನ ತಟ್ಟೆಗೆ ಭಾರ ಹೆಚ್ಚು. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಇದನ್ನು ಒಪ್ಪಬೇಕಾಗಿಲ್ಲ. ಆದರೆ ಪುರಂದರದಾಸರನ್ನು ಶ್ರೇಷ್ಠ ವಾಗ್ಗೇಯಕಾರರೆಂದು ಕರೆಯುವಾಗ ನಾವು ಬಳಸುವುದು ಈ ಶಾಸ್ತ್ರದ ಶಬ್ದವನ್ನೇ. ಆದುದರಿಂದ ಅದರ ಹೊಣೆಯನ್ನೂ ಹೊರಬೇಕು.

ಇಲ್ಲಿಯೇ ತೊಡಕು. ಹದಿನೈದು ಹದಿನಾರನೆಯ ಶತಮಾನಗಳ ಹರಿದಾಸರ ಧಾತು ನಮಗೆ ಬಹುಮಟ್ಟಿಗೆ ಉಳಿದುಬಂದಿಲ್ಲ. ಶ್ರೀಪಾದರಾಜರು, ವ್ಯಾಸರಾಯರು, ವಾದಿರಾಜರು, ಪುರಂದರರು, ಕನಕರು ಇವರ ಪದಗಳು ಓಲೆಗರಿಗಳಲ್ಲಿಯೂ ಕೈಬರಹದ ಪುಸ್ತಕಗಳಲ್ಲಿಯೂ ಭಜನೆಯ ಮನೆಗಳಲ್ಲಿಯೂ ಉಳಿದವು. ೧೮೫೦ರಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗನು ದಾಸರ ಪದಗಳನ್ನು ಅಚ್ಚು ಹಾಕಿಸಿದಂದಿನಿಂದ ಅನೇಕ ಸಂಪುಟಗಳು ಬಂದಿವೆ. ಈ ಮುದ್ರಣಗಳು ನಮಗೆ ಕೊಡುವುದು ಸಾಹಿತ್ಯವನ್ನು, ಹೆಚ್ಚೆಂದರೆ ತಲೆಯ ಮೇಲೊಂದು ರಾಗದ ಹೆಸರನ್ನೂ ತಾಳದ ಹೆಸರನ್ನೂ. ಒಂದೇ ಪದಕ್ಕೆ ಬೇರೆಬೇರೆ ಪ್ರತಿಗಳಲ್ಲಿ ಬೇರೆಬೇರೆ ರಾಗಗಳ ಹೆಸರಿರುವುದು ಹಸ್ತಪ್ರತಿಗಳನ್ನು ಬಲ್ಲವರಿಗೆ ಹೊಸ ಸಂಗತಿಯಲ್ಲ.

ಇಂದು ನಾವು ಕೇಳಿ ತಲೆದೂಗುವ ಧಾಟಿಗಳು ಬಹುಪಾಲು ಇಪ್ಪತ್ತನೆಯ ಶತಮಾನದ ಗಾಯಕರಿಂದ ಬಂದವು. ಚೆನ್ನೈಯ ಎಂ. ಎಲ್. ವಸಂತಕುಮಾರಿಯವರು (೧೯೨೮–೧೯೯೦) ತಾಯಿ ಲಲಿತಾಂಗಿಯವರಿಂದ ಬಂದ ದಾಸರ ಪದಗಳನ್ನು ಕಛೇರಿಯ ವೇದಿಕೆಗೆ ತಂದು ನಿಲ್ಲಿಸಿದರು. ಗದಗಿನಿಂದ ಹೋಗಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು (೧೯೨೨–೨೦೧೧) ಅದೇ ಪದಗಳನ್ನು ಹಿಂದುಸ್ತಾನಿ ಪದ್ಧತಿಯಲ್ಲಿ ದಾಸವಾಣಿಯಾಗಿ ಹಾಡಿ ಮಹಾರಾಷ್ಟ್ರದ ಶ್ರೋತೃಗಳಿಗೂ ಮುಟ್ಟಿಸಿದರು. ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರರ ಸುಪ್ರಸಿದ್ಧ ಪದವನ್ನು ಚೆನ್ನೈಯಲ್ಲಿ ಕೇಳಿದವರೂ ಪುಣೆಯಲ್ಲಿ ಕೇಳಿದವರೂ ಒಂದೇ ಸಾಹಿತ್ಯವನ್ನು ಕೇಳಿದ್ದಾರೆ; ಒಂದೇ ಧಾತುವನ್ನಲ್ಲ. ಎರಡೂ ಕಡೆ ಕಣ್ಣು ತೇವವಾಗುತ್ತದೆ. ಆ ಕಂಬನಿಯಲ್ಲಿ ಪುರಂದರರ ಪಾಲೆಷ್ಟು, ಗಾಯಕರ ಪಾಲೆಷ್ಟು? ಶಾರ್ಙ್ಗದೇವನ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ನಡೆದಿರುವುದು ಕುಟ್ಟಿಕಾರನ ಕೆಲಸದ ತಿರುಗುಮುರುಗು: ಇತರರ ಮಾತಿಗೆ ಧಾತುವನ್ನು ಹೊಂದಿಸುವುದು. ಅದಕ್ಕೆ ಅವನು ಹೆಸರಿಟ್ಟಿಲ್ಲ.

ತ್ಯಾಗರಾಜರ (೧೭೬೭–೧೮೪೭) ಸ್ಥಿತಿ ಇದಕ್ಕಿಂತ ಭಿನ್ನ. ಅವರ ಕೃತಿಗಳು ವಾಲಾಜಾಪೇಟೆ, ಉಮಯಾಳಪುರಂ, ತಿಲ್ಲೈಸ್ಥಾನಗಳ ಶಿಷ್ಯಪರಂಪರೆಗಳಲ್ಲಿ ಧಾತುಸಹಿತವಾಗಿ ಹರಿದುಬಂದವು. ವಾಲಾಜಾಪೇಟೆಯ ಶಿಷ್ಯರ ಹಸ್ತಪ್ರತಿಗಳು ಮಧುರೆಯ ಸೌರಾಷ್ಟ್ರ ಸಭೆಯಲ್ಲಿ ಉಳಿದಿವೆ. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳಿಗೆ ೧೯೦೪ರಲ್ಲಿ ಎಟ್ಟಯಾಪುರದಿಂದ ಪ್ರಕಟವಾದ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯ ಗಮಕಚಿಹ್ನೆಗಳ ಸಹಿತವಾದ ಆಧಾರವಿದೆ. ಈ ಪರಂಪರೆಗಳಲ್ಲಿಯೂ ಪಾಠಾಂತರಗಳಿಲ್ಲದೆ ಇಲ್ಲ. ಆದರೂ ತ್ಯಾಗರಾಜರನ್ನು ಧಾತುವಿನ ನೆಲೆಯಲ್ಲಿ ವಿಮರ್ಶಿಸಬಹುದು, ಪುರಂದರರನ್ನು ಹಾಗೆ ವಿಮರ್ಶಿಸಲಾಗದು. ಇಬ್ಬರನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವವರು ಒಂದು ತಟ್ಟೆಯಲ್ಲಿ ಅರ್ಧ ವಸ್ತುವನ್ನೇ ಇಟ್ಟಿರುತ್ತಾರೆ. ಸ್ವತಃ ತ್ಯಾಗರಾಜರು ಈ ತೂಕಕ್ಕೆ ಹೋಗಲಿಲ್ಲ. ತಮ್ಮ 'ಪ್ರಹ್ಲಾದ ಭಕ್ತಿ ವಿಜಯ'ದ ಆರಂಭದಲ್ಲಿ ಪುರಂದರರಿಗೆ ವಂದಿಸಿ ಮುಂದೆ ನಡೆದರು.

ದಾಸರಿಗೆ ಸರಿಯಾದ ಜೊತೆಯೆಂದರೆ ತಾಳ್ಳಪಾಕದ ಅನ್ನಮಾಚಾರ್ಯರು (೧೪೦೮–೧೫೦೩). ಅವರ ಸಂಕೀರ್ತನೆಗಳನ್ನು ತಾಮ್ರಪಟಗಳ ಮೇಲೆ ಕೆತ್ತಿಸಿ ತಿರುಮಲೆಯ ದೇವಾಲಯದಲ್ಲಿ ಇರಿಸಲಾಗಿತ್ತು. ಪರಂಪರೆ ಹೇಳುವ ೩೨,೦೦೦ದಲ್ಲಿ ೧೨,೦೦೦ಕ್ಕೂ ಮೇಲ್ಪಟ್ಟು ಉಳಿದಿವೆ. ಪಟದ ಮೇಲೆ ರಾಗದ ಹೆಸರಿದೆ, ಸ್ವರವಿಲ್ಲ. ಆ ಪದಗಳಲ್ಲಿ ಅನೇಕವನ್ನು ಸಂಪಾದಿಸಿ, ರಾಗ ಕೂಡಿಸಿ ಮತ್ತೆ ಹಾಡುವಂತೆ ಮಾಡಿದವರಲ್ಲಿ ಪ್ರಮುಖರಾದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು (೧೮೯೩–೧೯೭೯) ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದೀರ್ಘಕಾಲ ತೆಲುಗು ಅಧ್ಯಾಪಕರಾಗಿದ್ದವರೆಂಬುದನ್ನು ಕನ್ನಡಿಗರು ಮರೆಯಬಾರದು. ಅನ್ನಮಾಚಾರ್ಯರಿಗೂ ಪುರಂದರರಿಗೂ ಭೇಟಿಯಾಯಿತೆಂಬ ಐತಿಹ್ಯವಿದೆ. ಪುರಂದರರ ಕಾಲವನ್ನು ಸಂಪ್ರದಾಯದಂತೆ ೧೪೮೪–೧೫೬೪ ಎಂದು ಹಿಡಿದರೆ ಅನ್ನಮಾಚಾರ್ಯರು ತೀರಿಕೊಂಡಾಗ ಅವರಿಗೆ ಹತ್ತೊಂಬತ್ತು ವರ್ಷ. ದಾಸದೀಕ್ಷೆ ಇನ್ನೂ ಬಹಳ ದೂರ. ಹೀಗಾಗಿ ಈ ಭೇಟಿಯನ್ನು ಇಬ್ಬರ ಕೀರ್ತಿಗಳು ಕೂಡಿದ ಕಥೆಯೆಂದು ಓದುವುದೇ ಲೇಸು.

ಧಾತು ಇಲ್ಲದಿದ್ದರೂ ಮಾತಾದರೂ ಖಚಿತವಾಗಿದೆಯೆ? ಅದೂ ಪೂರ್ತಿಯಾಗಿ ಅಲ್ಲ. ಪುರಂದರರು ೪,೭೫,೦೦೦ ಪದಗಳನ್ನು ರಚಿಸಿದರೆಂಬ ಮಾತು ಅವರ ಅಂಕಿತದ ಒಂದು ಪದದಲ್ಲಿಯೇ ಇದೆ. ನಲವತ್ತು ವರ್ಷ ಒಂದು ದಿನವೂ ಬಿಡದೆ ರಚಿಸಿದರೂ ದಿನಕ್ಕೆ ಮೂವತ್ತೆರಡಕ್ಕೂ ಹೆಚ್ಚು ಪದಗಳಾಗುತ್ತವೆ. ದೊರೆಯುವುದು ಒಂದೆರಡು ಸಾವಿರದೊಳಗೆ. ಅಷ್ಟರಲ್ಲಿಯೂ 'ಪುರಂದರವಿಠಲ' ಎಂಬ ಅಂಕಿತವಿದ್ದುದೆಲ್ಲ ಅವರದೇ ಎನ್ನಲು ಧೈರ್ಯ ಸಾಲದು. ದೊಡ್ಡ ಹೆಸರು ಸಣ್ಣ ಹೆಸರುಗಳನ್ನು ನುಂಗುತ್ತದೆ. ಬಾಲಸರಸ್ವತಿಯವರ ಅಭಿನಯದಿಂದ ದೇಶಾಂತರಗಳಲ್ಲಿ ಹೆಸರಾದ, ಕೃಷ್ಣನನ್ನು ಬೇಗನೆ ಬರುವಂತೆ ಕರೆಯುವ ಯಮುನಾಕಲ್ಯಾಣಿಯ ಪದ ವ್ಯಾಸರಾಯರ ಅಂಕಿತದ್ದು. ಅದನ್ನು ಪುರಂದರರದೆಂದು ನಂಬಿದ ರಸಿಕರು ಇಂದಿಗೂ ಅನೇಕರಿದ್ದಾರೆ. ಶಿಷ್ಯನಿಗೆ ದಾಸರಲ್ಲೆಲ್ಲ ಅಗ್ರಪದವಿಯನ್ನು ಕೊಟ್ಟು ಹಾಡಿದ ಗುರುವೆಂದು ಪ್ರಸಿದ್ಧರಾದವರೂ ಆ ವ್ಯಾಸರಾಯರೇ ಎಂಬುದು ಇದಕ್ಕೊಂದು ವಿಚಿತ್ರವಾದ ಸೇರ್ಪಡೆ.

ಇನ್ನು ಪುರಂದರ–ಕನಕರ ಹೋಲಿಕೆ. ಇಲ್ಲಿ ಮಾತಿಗೆ ಮಾತನ್ನು ಇಟ್ಟು ನೋಡುವುದು ಸಾಧ್ಯ. ಆದ್ದರಿಂದ ನನಗೆ ಈ ಹೋಲಿಕೆಯೇ ಹೆಚ್ಚು ಫಲಕಾರಿಯೆನಿಸಿದೆ. ಅದೃಷ್ಟವಶಾತ್ ಇಬ್ಬರೂ ರಾಗಿಯನ್ನು ಕುರಿತು ಹಾಡಿದ್ದಾರೆ. ಪುರಂದರರು ಭಿಕ್ಷೆಗೆ ರಾಗಿ ಬೇಡುವ ನೆಪದಲ್ಲಿ ಬಹುವಚನದ 'ರು' ಪ್ರತ್ಯಯಕ್ಕೆ 'ಆಗಿ' ಸೇರಿದಾಗ ತಾನಾಗಿಯೇ ಹುಟ್ಟುವ 'ರಾಗಿ'ಯನ್ನು ಹಿಡಿದು ಸಾಲುಸಾಲಾಗಿ ಸದ್ಗುಣಗಳನ್ನು ಬೇಡುತ್ತಾರೆ. ಶ್ಲೇಷೆ ಪಂಡಿತರದಲ್ಲ, ಕನ್ನಡದ ಸಂಧಿಯಲ್ಲಿಯೇ ಅದು ಕಾದು ಕುಳಿತಿತ್ತು. ಬಾಗಿಲಲ್ಲಿ ನಿಂತ ಗೃಹಿಣಿಗೆ ಅರ್ಥವಾಗುವಷ್ಟು ತಿಳಿ, ಯಾವ ರಾಗದಲ್ಲಿ ಹಾಡಿದರೂ ಕೆಡದಷ್ಟು ಗಟ್ಟಿ. ಕನಕರ ರಾಗಿ ಬೇರೆ ಬಗೆಯದು. ಅವರ 'ರಾಮಧಾನ್ಯಚರಿತೆ' ಗೇಯಪದವಲ್ಲ, ಕಾವ್ಯ. ಅದರಲ್ಲಿ ನರೆದಲೆಗವೂ ವ್ರೀಹಿಯೂ ತಮ್ಮಲ್ಲಿ ಶ್ರೇಷ್ಠರಾರೆಂದು ವಾದಿಸುತ್ತವೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಭತ್ತ ಬಾಡಿ ರಾಗಿ ಉಳಿಯುತ್ತದೆ. ಕುಲದ ಮೇಲರಿಮೆಯನ್ನು ಧಾನ್ಯಗಳ ಬಾಯಿಂದ ಆಡಿಸಿ ಸೋಲಿಸಿದ ಈ ಕೃತಿಗೆ ಮಧ್ಯಕಾಲೀನ ಸಾಹಿತ್ಯದಲ್ಲಿ ಸಾಟಿ ಕಡಿಮೆ.

ಕನಕರ ಕೀರ್ತನೆಗಳು ಸಂಖ್ಯೆಯಲ್ಲಿ ಪುರಂದರರವುಗಳಿಗಿಂತ ಬಹಳ ಕಡಿಮೆ. ಆದರೆ ಮಾಯೆ, ದೇಹ, ಹರಿ ಇವುಗಳಲ್ಲಿ ಯಾವುದು ಯಾವುದರೊಳಗಿದೆ ಎಂದು ಪ್ರಶ್ನೆಯ ಮೇಲೆ ಪ್ರಶ್ನೆಯನ್ನೊಡ್ಡುವ ಅವರ ಪದದಂಥ ರಚನೆ ಪುರಂದರರಲ್ಲಿ ನನಗೆ ಕಂಡಿಲ್ಲ. ಅಲ್ಲಿ ಮಾತು ತನ್ನ ಸುತ್ತ ತಾನೇ ತಿರುಗುತ್ತದೆ, ತರ್ಕವೇ ಲಯವಾಗುತ್ತದೆ. ಬಿಡಿಪದದ ಸಾಂದ್ರತೆಯಲ್ಲಿ ಕನಕರು ಮೇಲು, ಬಾಳಿನ ಎಲ್ಲ ಹೊತ್ತುಗಳಿಗೂ ಪದವನ್ನು ಒದಗಿಸಿದ ವ್ಯಾಪ್ತಿಯಲ್ಲಿ ಪುರಂದರರು ಮೇಲು ಎಂಬುದು ನನ್ನ ಅಭಿಪ್ರಾಯ. ಪುರಂದರರ ಪದಗಳನ್ನು ಓದುವಾಗ ಕೆಲವೆಡೆ ಪುನರುಕ್ತಿ ಬೇಸರ ತರಿಸುತ್ತದೆ. ಹಾಡಿದಾಗ ಆ ಬೇಸರವಿರುವುದಿಲ್ಲ. ಅವರು ಬರೆದದ್ದು ಓದುಗನಿಗಾಗಿ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪುರಂದರರಿಗೆ ಸಂದ 'ಸಂಗೀತ ಪಿತಾಮಹ' ಎಂಬ ಬಿರುದು ಇನ್ನೊಂದು ನೆಲೆಯದು. ಮಾಯಾಮಾಳವಗೌಳದಲ್ಲಿ ಸರಳೆ ಜಂಟಿಗಳಿಂದ ಮೊದಲಿಟ್ಟು ಅಲಂಕಾರ, ಪಿಳ್ಳಾರಿಗೀತಗಳವರೆಗಿನ ಪಾಠಕ್ರಮವನ್ನು ಹಾಕಿಕೊಟ್ಟವರು ಅವರೆಂಬ ಸಂಪ್ರದಾಯ ದಕ್ಷಿಣ ಭಾರತದಾದ್ಯಂತ ಮಾನ್ಯವಾಗಿದೆ. ಇದು ಬೋಧಕನ ಹಿರಿಮೆ. ವಾಗ್ಗೇಯಕಾರನ ಹಿರಿಮೆಯೊಡನೆ ಇದನ್ನು ಬೆರೆಸುವುದರಿಂದ ವಾದ ಮಸುಕಾಗುತ್ತದೆ. ಭಾಷೆಯ ರಾಜಕಾರಣವೂ ಇಂಥ ಚರ್ಚೆಗಳಲ್ಲಿ ಕೈಯಾಡಿಸಿದೆ. ಮದರಾಸಿನಲ್ಲಿ ೧೯೪೩ರಲ್ಲಿ ತಮಿಳ್ ಇಸೈ ಸಂಘ ಸ್ಥಾಪಿತವಾದ ಹಿನ್ನೆಲೆಯನ್ನು ಬಲ್ಲವರಿಗೆ, ತೆಲುಗು ಸಂಸ್ಕೃತಗಳ ತ್ರಿಮೂರ್ತಿಗಳೆದುರು ಶೀರ್ಕಾಳಿಯ ತಮಿಳು ಮೂವರನ್ನು ನಿಲ್ಲಿಸಿದ್ದು ಬರಿಯ ಸಂಗೀತವಿಮರ್ಶೆಯಲ್ಲವೆಂದು ವಿವರಿಸಬೇಕಾಗಿಲ್ಲ. ಪುರಂದರರ ಹುಟ್ಟೂರು ಪುಣೆಯ ಬಳಿಯ ಪುರಂದರಗಡವೋ ತೀರ್ಥಹಳ್ಳಿಯ ಸೀಮೆಯೋ ಎಂಬ ವಿವಾದಕ್ಕೂ ಇದರ ಸೋಂಕು ಉಂಟು.

ಹಾಗಾದರೆ ಕಳೆದುಹೋದ ಧಾತುವಿನ ಬಗೆಗೆ ಏನೂ ಹೇಳಲಾಗದೆ? ಎರಡು ದಾರಿಗಳಿವೆ. ಮೊದಲನೆಯದು ಛಂದಸ್ಸು. ಪದದ ಮಾತ್ರಾಗತಿ ಮೂರರದೋ ನಾಲ್ಕರದೋ ಐದರದೋ ಮೂರು–ನಾಲ್ಕರ ಮಿಶ್ರವೋ ಎಂಬುದು ಸಾಹಿತ್ಯದಲ್ಲಿಯೇ ಕಾಣುತ್ತದೆ. ಛಂದಸ್ಸು ತಾಳವನ್ನು ಕಟ್ಟಿಹಾಕಬಲ್ಲದು, ರಾಗವನ್ನು ಕಟ್ಟಿಹಾಕಲಾರದು. ಐದೈದು ಮಾತ್ರೆಗಳ ನಡೆಯಲ್ಲಿರುವ ಪದವನ್ನು ಆದಿತಾಳಕ್ಕೆ ಒಗ್ಗಿಸಿದಾಗ ಎಲ್ಲೆಲ್ಲಿ ಅಕ್ಷರಗಳನ್ನು ಎಳೆಯಬೇಕಾಗುತ್ತದೆಂಬುದನ್ನು ಗಮನಿಸಿದರೆ ಹೊಸ ಧಾಟಿಯ ಹೊಲಿಗೆ ಕಣ್ಣಿಗೆ ಬೀಳುತ್ತದೆ.

ಎರಡನೆಯದು ಸುಳಾದಿ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳಲ್ಲಿ ಖಂಡಖಂಡವಾಗಿ ಸಾಗುವ ಈ ಪ್ರಬಂಧ ದಾಸರ ಸಂಗೀತದ ಅತ್ಯಂತ ಪ್ರೌಢ ರೂಪ. ಉಗಾಭೋಗದಂತೆ ಗಾಯಕನ ಸ್ವಚ್ಛಂದಕ್ಕೆ ಬಿಟ್ಟದ್ದಲ್ಲ. ತಂಜಾವೂರಿನ ಮರಾಠ ದೊರೆ ತುಳಜನು (ಆಳ್ವಿಕೆ ೧೭೨೮–೧೭೩೬) ತನ್ನ 'ಸಂಗೀತ ಸಾರಾಮೃತ'ದಲ್ಲಿ ರಾಗಲಕ್ಷಣಕ್ಕೆ ಸುಳಾದಿಗಳನ್ನು ಪ್ರಮಾಣವಾಗಿ ಎತ್ತಿಕೊಂಡಿದ್ದಾನೆ. ಅಲ್ಲಿಯ ಸರಸ್ವತಿ ಮಹಲ್ ಗ್ರಂಥಾಲಯದ ಹಸ್ತಪ್ರತಿಗಳಲ್ಲಿ ಸ್ವರಸಹಿತವಾದ ಸುಳಾದಿಗಳು ಉಳಿದಿವೆ. ಅವು ಪುರಂದರರ ಕಾಲದ ಬಳಿಕ ಬರೆದಿಟ್ಟವು. ಆದ್ದರಿಂದ ಅವುಗಳ ಸ್ವರ ಪುರಂದರರ ಬಾಯಿಂದ ಬಂದುದೇ ಎನ್ನಲಾಗದು. ಆದರೂ ಇಂದಿನ ಕಛೇರಿಯ ಧಾಟಿಗಳಿಗಿಂತ ಅವು ಎಷ್ಟೋ ಹಳೆಯವು. ಸುಳಾದಿ ಉಗಾಭೋಗಗಳ ಅಧ್ಯಯನಕ್ಕೆ ಮೈಸೂರಿನ ಆರ್. ಸತ್ಯನಾರಾಯಣ ಅವರು ೧೯೬೭ರಲ್ಲಿಯೇ ಭದ್ರವಾದ ಅಡಿಪಾಯ ಹಾಕಿದ್ದರು. ತಂಜಾವೂರಿನ ಪ್ರತಿಗಳ ಸಾಹಿತ್ಯವನ್ನು ಕರ್ನಾಟಕದ ಹಸ್ತಪ್ರತಿಗಳ ಪಾಠದೊಡನೆ ಖಂಡಖಂಡವಾಗಿ ಹೋಲಿಸಿ ನೋಡುವ ಕೆಲಸ ಕನ್ನಡದ ಛಂದಸ್ಸನ್ನೂ ಸ್ವರಲಿಪಿಯನ್ನೂ ಬಲ್ಲವರನ್ನು ಬೇಡುತ್ತದೆ. ಚೆನ್ನೈಯ ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೆ ತಂಜಾವೂರು ಬೆಂಗಳೂರಿನವರಿಗಿಂತ ದೂರವೇನಲ್ಲ. ತಮಿಳು ಅಥವಾ ತೆಲುಗಿನ ಪರಿಚಯ ಅವರಿಗೆ ಹೆಚ್ಚಿನ ಅನುಕೂಲ. ಮೊದಲು ಒಂದೇ ಒಂದು ಸುಳಾದಿಯನ್ನು ಆರಿಸಿಕೊಂಡು, ಅದರ ಏಳು ಖಂಡಗಳ ಪಾಠವನ್ನು ಎರಡೂ ಕಡೆಯ ಪ್ರತಿಗಳಿಂದ ಇದಿರುಬದಿರಾಗಿ ಬರೆದುಕೊಂಡು ಆರಂಭಿಸಬಹುದು.